ಅಡಿಸಾಲಿನ ಫೋನ್ ನಂಬರು

ಪುಣೆಯಲ್ಲಿ ನಾವೊಂದಿಷ್ಟು ಕನ್ನಡದವರು ಸೇರಿ ನಡೆಸುವ ಪುಟ್ಟ ಸಂಘವೊಂದಿದೆ. ಸ್ವಂತ ಕಟ್ಟಡವಿಲ್ಲ. ಯಾವುದಾದರೂ ಮಂಗಲ ಕಾರ್ಯಾಲಯವನ್ನೋ ಶಾಲೆಯ ಹಾಲನ್ನೋ ಬಾಡಿಗೆಗೆ ಹಿಡಿದು ರಾಜ್ಯೋತ್ಸವ, ಯುಗಾದಿ, ವರ್ಷಕ್ಕೊಂದು ನಾಟಕ, ಭಾನುವಾರ ಮಕ್ಕಳಿಗೆ ಕನ್ನಡ ಕ್ಲಾಸು, ಇಷ್ಟೇ ನಮ್ಮ ವ್ಯವಹಾರ. ಆದರೆ ವೆಬ್‌ಸೈಟು ಮಾತ್ರ 2003ರಿಂದ ಇದೆ. ಬಾಗಿಲೂ ಬೋರ್ಡೂ ಇಲ್ಲದ ಸಂಘಕ್ಕೆ ಅದೇ ಬಾಗಿಲು, ಅದೇ ಬೋರ್ಡು. ಎಣಿಸಿ ನೋಡಿದಾಗ 186 ಪುಟಗಳಿದ್ದವು. ಅವಕ್ಕೆಲ್ಲ ಒಂದೇ ಹೊರರೂಪ ಕೊಡುವ ಕೆಲಸ ನಮ್ಮ ಮೂವರ ಪಾಲಿಗೆ ಬಂತು. ಯಾವ ಟೆಂಪ್ಲೇಟ್ ವಿಧಾನ ಆರಿಸಿಕೊಳ್ಳಬೇಕು ಎಂಬ ಚರ್ಚೆಯೇ ಎರಡು ತಿಂಗಳು ನಡೆಯಿತು. ಕೇಳಿದವರು ನಕ್ಕರು. ಮೆನು ಮೇಲಿರಬೇಕೋ ಎಡಕ್ಕಿರಬೇಕೋ ಅನ್ನುವುದಕ್ಕೆ ಎರಡು ತಿಂಗಳೇ? ನಾವು ಚರ್ಚಿಸಿದ್ದು ಅದನ್ನಲ್ಲ.

ಈ 186 ಪುಟಗಳನ್ನೂ ಕಟ್ಟಿದವರು ಒಬ್ಬರೇ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಧಾರವಾಡದ ಕಡೆಯವರು, ಬ್ಯಾಂಕಿನ ನೌಕರಿಯಲ್ಲಿ ಪುಣೆಗೆ ಬಂದು ಇಲ್ಲೇ ಉಳಿದವರು. ಐವತ್ತು ದಾಟಿದ ಮೇಲೆ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿ ಎಚ್‌ಟಿಎಂಎಲ್ ಕಲಿತರು. ಅವರ ವಿಧಾನ ಸರಳ. ಹಿಂದಿನ ವರ್ಷದ ಪುಟವನ್ನು ನೋಟ್‌ಪ್ಯಾಡಿನಲ್ಲಿ ತೆರೆಯುವುದು, ಬೇರೆ ಹೆಸರಿನಲ್ಲಿ ಸೇವ್ ಮಾಡುವುದು, ನಡುವಿನ ವಿಷಯ ಅಳಿಸಿ ಹೊಸದನ್ನು ಬರೆಯುವುದು. ಮೇಲಿನ ಹೆಸರು ಮತ್ತು ಮೆನು, ಕೆಳಗಿನ ಸಂಪರ್ಕದ ಸಾಲು ಹಾಗೇ ಉಳಿಯುತ್ತಿದ್ದವು.

ಹಳೆಯ ಪ್ರೆಸ್ಸುಗಳಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದುದು ಹೀಗೆಯೇ. ಮೇಲಿನ ಗಣಪತಿಯ ಬ್ಲಾಕು, ಕೆಳಗಿನ ‘ಆಗಮನಾಭಿಲಾಷಿಗಳು’ ಎಂಬ ಸಾಲು ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತಿತ್ತು. ವಧೂವರರ ಹೆಸರು, ಮುಹೂರ್ತ, ಊರು ಮಾತ್ರ ಬದಲಾಗುತ್ತಿತ್ತು. ವ್ಯತ್ಯಾಸ ಒಂದೇ: ಪ್ರೆಸ್ಸಿನಲ್ಲಿ ಗಣಪತಿಯ ಬ್ಲಾಕು ಒಂದೇ ಇರುತ್ತದೆ, ಕಾಕಾನ ಪುಟಗಳಲ್ಲಿ ಪ್ರತಿ ಪುಟಕ್ಕೂ ಒಂದೊಂದು ನಕಲು. ನಕಲು ಅಂದ ಮೇಲೆ ಪ್ರತಿಯೊಂದೂ ತನ್ನ ದಾರಿ ಹಿಡಿಯುತ್ತದೆ. 2003ರ ಪುಟಗಳ ಮೆನುವಿನಲ್ಲಿ ಐದು ಕೊಂಡಿಗಳಿದ್ದರೆ 2008ರವುಗಳಲ್ಲಿ ಏಳು. ಕೆಲವು ಪುಟಗಳಿಂದ ಮಕ್ಕಳ ಕ್ಲಾಸಿನ ಪುಟಕ್ಕೆ ಹೋಗಲು ದಾರಿಯೇ ಇರಲಿಲ್ಲ, ಏಕೆಂದರೆ ಅವು ಹುಟ್ಟಿದಾಗ ಕ್ಲಾಸು ಇನ್ನೂ ಶುರುವಾಗಿರಲಿಲ್ಲ. ಮೂರು ತಲೆಮಾರು ಕೋಣೆ ಕೂಡಿಸುತ್ತ ಹೋದ ಊರಿನ ಮನೆಯ ಹಾಗೆ. ಒಳಗಿದ್ದವರಿಗೆ ಎಲ್ಲಿ ಬಗ್ಗಬೇಕೆಂದು ಗೊತ್ತು, ಹೊರಗಿನಿಂದ ಬಂದವರಿಗೆ ತಲೆ ಬಡಿಯುತ್ತದೆ.

ಪ್ರತಿ ಪುಟದ ಕೆಳಗೂ, ಅಡಿಸಾಲಿನಲ್ಲಿ, ಕಾಕಾನ ಹೆಸರು ಮತ್ತು ಮನೆಯ ಫೋನ್ ನಂಬರು ಇತ್ತು. ಮೊದಲು ಲ್ಯಾಂಡ್‌ಲೈನ್, ಆಮೇಲೆ ಮೊಬೈಲ್. ಪುಣೆಗೆ ಹೊಸದಾಗಿ ಬಂದವರು ಆ ನಂಬರಿಗೆ ಫೋನು ಮಾಡುತ್ತಿದ್ದರು. ಹಿಂಜೆವಾಡಿಯ ಹತ್ತಿರ ಪಿಜಿ ಬೇಕು, ಸಸೂನ್ ಆಸ್ಪತ್ರೆಯಲ್ಲಿ ಅಪ್ಪನನ್ನು ಸೇರಿಸಿದ್ದೇವೆ, ಮರಾಠಿ ಬರುವುದಿಲ್ಲ, ಶ್ರಾದ್ಧ ಮಾಡಿಸುವವರು ಬೇಕು, ಮಗಳಿಗೆ ಕನ್ನಡ ಕಲಿಸಬೇಕು. ಕಾಕಾ ಎಲ್ಲದಕ್ಕೂ ಏನಾದರೊಂದು ದಾರಿ ತೋರಿಸುತ್ತಿದ್ದರು. ನಾನೂ ಮೊದಲು ಮಾತಾಡಿದ್ದು ಆ ನಂಬರಿನ ಮೂಲಕವೇ.

ಕಾಕಾ ತೀರಿಕೊಂಡ ಮೇಲೆ ಆ ಮೊಬೈಲು ಕಾಕುವಿನ ಹತ್ತಿರ ಉಳಿಯಿತು. ಸಮಿತಿಯವರು ಯಾರೋ ಮುಖಪುಟದಿಂದಲೂ ಸಂಪರ್ಕ ಪುಟದಿಂದಲೂ ನಂಬರನ್ನು ತೆಗೆದಿದ್ದರು. ಆದರೆ ಜನ ಮುಖಪುಟದ ಮೂಲಕ ಎಲ್ಲಿ ಬರುತ್ತಾರೆ? ಗೂಗಲ್‌ನಲ್ಲಿ ಏನೋ ಹುಡುಕುತ್ತಾರೆ, 2011ರ ಯಾವುದೋ ನಾಟಕದ ವರದಿಗೆ ಬಂದು ಇಳಿಯುತ್ತಾರೆ, ಕೆಳಗೆ ನಂಬರು ಕಾಣುತ್ತದೆ, ಒತ್ತುತ್ತಾರೆ. ಎಂಟು ತಿಂಗಳಾದರೂ ಫೋನು ನಿಂತಿರಲಿಲ್ಲ. ಒಂದು ದಿನ ಕಾಕು ನನಗೆ ಫೋನು ಮಾಡಿದರು. “ತಮ್ಮಾ, ನಿನ್ನೆ ರಾತ್ರಿ ಒಂಬತ್ತಕ್ಕ ಯಾವದೋ ಹುಡುಗ ಫೋನ್ ಮಾಡಿದ್ದ. ‘ಸರ್ ಅದಾರೇನ್ರಿ’ ಅಂತ ಕೇಳಿದ. ದಿನಾ ಏನಂತ ಹೇಳಲೆಪಾ?”

ಒಂದೇ ತರಹದ ಲೇಔಟು ಅನ್ನುವುದು ಕಣ್ಣಿಗೆ ಚೆಂದ ಕಾಣಲಿ ಅಂತ ಇರುವುದು ಎಂದು ನಾನು ತಿಳಿದಿದ್ದೆ. ನನ್ನ ಕಸುಬು ಸಾಫ್ಟ್‌ವೇರ್ ಟೆಸ್ಟಿಂಗ್. ಬಟನ್ನು ಒಂದು ಪುಟದಲ್ಲಿ ನೀಲಿ, ಇನ್ನೊಂದರಲ್ಲಿ ಹಸಿರು ಇದ್ದರೆ ಬಗ್ ಅಂತ ಬರೆಯುವವನು. 150ಕ್ಕೂ ಹೆಚ್ಚು ಪುಟಗಳಲ್ಲಿ ಉಳಿದುಹೋದ ಒಂದು ಸಾಲು ಒಬ್ಬ ಹೆಂಗಸಿಗೆ ದಿನವೂ ಅದೇ ಸುದ್ದಿಯನ್ನು ಮತ್ತೆ ಹೇಳಬೇಕಾಗುವಂತೆ ಮಾಡುತ್ತದೆ ಅನ್ನುವುದು ಯಾವ ಟೆಸ್ಟ್ ಕೇಸಿನಲ್ಲೂ ಬರೆದಿರುವುದಿಲ್ಲ.

ಹುಡುಕಿ ಬದಲಾಯಿಸಿದರೆ ಮುಗಿಯಿತಲ್ಲ, ಎಡಿಟರಿನಲ್ಲಿ ಎಲ್ಲ ಕಡತಗಳನ್ನೂ ಒಟ್ಟಿಗೆ ತೆರೆದು ಹಳೆಯ ನಂಬರಿನ ಜಾಗದಲ್ಲಿ ಹೊಸದು ಹಾಕಿದರಾಯಿತು ಎಂದು ನೀವು ಕೇಳಬಹುದು. ಹುಡುಕಿದೆವು. ಒಂದೇ ನಂಬರನ್ನು ಕಾಕಾ ಇಪ್ಪತ್ತು ವರ್ಷಗಳಲ್ಲಿ ಆರು ಥರ ಬರೆದಿದ್ದರು: ಮುಂದೆ ಸೊನ್ನೆ ಹಾಕಿ, +91 ಹಾಕಿ, ಐದೈದು ಅಂಕಿಗೆ ಜಾಗ ಬಿಟ್ಟು, ಅಡ್ಡಗೆರೆ ಕೊಟ್ಟು, ಕನ್ನಡ ಅಂಕಿಗಳಲ್ಲಿ. ಆರನೆಯದು ಚಿತ್ರ. ಕನ್ನಡ ವೆಬ್‌ಪುಟಗಳ ಮೊದಲ ದಿನಗಳನ್ನು ಕಂಡವರಿಗೆ ಇದರ ಕಾರಣ ಗೊತ್ತಿರುತ್ತದೆ. ಆಗ ನುಡಿ, ಬರಹ ಇಂಥವುಗಳ ಫಾಂಟಿನಲ್ಲಿ ಬರೆದ ಪುಟ ತೆರೆದರೆ, ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟು ಬಂದ ಮೇಲೂ ಎಲ್ಲರ ಮನೆಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲು ವರ್ಷಗಳೇ ಹಿಡಿದವು. ಸಂಪರ್ಕದ ಸಾಲಾದರೂ ಎಲ್ಲರಿಗೂ ಕಾಣಲಿ ಎಂದು ಕಾಕಾ ಅದನ್ನು ಪೇಂಟಿನಲ್ಲಿ ಬರೆದು, ಚಿತ್ರವಾಗಿ ಉಳಿಸಿ, 43 ಪುಟಗಳ ಕೆಳಗೆ ಅಂಟಿಸಿದ್ದರು.

ಆಗ ಒಂದು ತಮಾಷೆ ನಡೆಯಿತು. ಆ 43 ಪುಟಗಳು ಕರೆಯುತ್ತಿದ್ದುದು ಒಂದೇ ಚಿತ್ರದ ಕಡತವನ್ನು. ಅದೇ ಹೆಸರಿನಲ್ಲಿ ಬೇರೆ ಚಿತ್ರ ಹಾಕಿದೆವು. 43 ಪುಟಗಳೂ ಒಂದೇ ಏಟಿಗೆ ಸರಿಯಾದವು. ಪಠ್ಯವಾಗಿ ಬರೆದ ಪುಟಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ಅಂದರೆ ಕಾಕಾನ ಆ ಹಳೇ ಕಾಲದ ಉಪಾಯವೇ, ಅವರಿಗೇ ತಿಳಿಯದಂತೆ, ಇಡೀ ಸೈಟಿನಲ್ಲಿ ಟೆಂಪ್ಲೇಟಿನ ಹಾಗೆ ಕೆಲಸ ಮಾಡುತ್ತಿದ್ದ ಒಂದೇ ಜಾಗವಾಗಿತ್ತು. ಸಾಮಾನ್ಯವಾದದ್ದನ್ನು ಒಂದು ಕಡೆ ಇಡು, ಉಳಿದವರೆಲ್ಲ ಅಲ್ಲಿಂದ ತೆಗೆದುಕೊಳ್ಳಲಿ. ಟೆಂಪ್ಲೇಟ್ ವಿಧಾನಗಳು ಎಷ್ಟೇ ಇರಲಿ, ಎಲ್ಲವೂ ಹೇಳುವುದು ಇದನ್ನೇ. ಜಗಳ ಇರುವುದು ‘ಒಂದು ಕಡೆ’ ಎಂದರೆ ಎಲ್ಲಿ, ಸೇರಿಸುವವರು ಯಾರು, ಯಾವಾಗ ಸೇರಿಸುತ್ತಾರೆ ಎಂಬುದರಲ್ಲಿ.

ನಂಬರು ಹೋಯಿತು, ತಾತ್ಕಾಲಿಕವಾಗಿ. ಆದರೆ ಅದರ ಜಾಗದಲ್ಲಿ ಹಾಕಿದ್ದು ನನ್ನ ನಂಬರು. ನಾಳೆ ನನಗೂ ವರ್ಗವಾಗಬಹುದು. ಮತ್ತೆ 186 ಪುಟ ತೆರೆಯುವವರು ಯಾರು? ಹೀಗೆ ನಾವು ಮೂವರು ಕೂತೆವು. ನಾನು, ಇಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಬ್ಬಳ್ಳಿಯ ಹುಡುಗ, ಡಿಸೈನ್ ಕೆಲಸದಲ್ಲಿರುವ ಬಾಗಲಕೋಟೆಯ ಹುಡುಗಿ.

ಫ್ರೇಮುಗಳ ಮಾತು ಐದೇ ನಿಮಿಷದಲ್ಲಿ ಮುಗಿಯಿತು. 1996ರಲ್ಲಿ ನೆಟ್‌ಸ್ಕೇಪ್ 2 ತಂದ ವಿಧಾನ ಅದು. ಎಡಕ್ಕೆ ಮೆನುವಿನ ಚೌಕಟ್ಟು, ಬಲಕ್ಕೆ ವಿಷಯದ ಚೌಕಟ್ಟು; ಮೆನು ಒಂದೇ ಕಡತ. ಕಾಕಾ ಮೊದಲು ಇದನ್ನೂ ಮಾಡಿ ಬಿಟ್ಟಿದ್ದರು ಎಂಬುದು ಒಂದು ಹಳೇ ಫೋಲ್ಡರ್ ನೋಡಿದಾಗ ತಿಳಿಯಿತು. ಯಾವ ಪುಟದಲ್ಲಿದ್ದರೂ ಮೇಲೆ ಅದೇ ವಿಳಾಸ ತೋರಿಸುತ್ತದೆ. ಗೂಗಲ್‌ನಿಂದ ಬಂದವರಿಗೆ ಮೆನು ಇಲ್ಲದ ಬರಿಯ ಒಳಪುಟ ಸಿಗುತ್ತದೆ. ಎಚ್‌ಟಿಎಂಎಲ್ 5 ಬಂದಾಗ ಅದನ್ನು ಕೈಬಿಟ್ಟೇಬಿಟ್ಟರು.

ವರ್ಡ್‌ಪ್ರೆಸ್ ಅಂತ ಸಮಿತಿಯ ಎಲ್ಲರೂ ಹೇಳಿದರು. ಹೇಳುವುದರಲ್ಲಿ ತಪ್ಪೇನಿಲ್ಲ. ಥೀಮಿನಲ್ಲಿ ತಲೆಭಾಗ, ಅಡಿಭಾಗ ಒಂದೊಂದೇ ಕಡತ, ಬರೆಯುವವರು ಮೊಬೈಲಿನಿಂದಲೇ ಬರೆಯಬಹುದು, ಎಚ್‌ಟಿಎಂಎಲ್ ಗೊತ್ತಿರಬೇಕಾಗಿಲ್ಲ. ಆದರೆ ಅದು ಹಾಲು ಕೊಡುವ ಎಮ್ಮೆ. ದಿನಾ ಹುಲ್ಲು, ನೀರು ನೋಡುವವರು ಬೇಕು. ವರ್ಡ್‌ಪ್ರೆಸ್ಸನ್ನು, ಅದರ ಪ್ಲಗಿನ್ನುಗಳನ್ನು, ಕೆಳಗಿನ ಪಿಎಚ್‌ಪಿಯನ್ನು ಕಾಲಕಾಲಕ್ಕೆ ಹೊಸದು ಮಾಡುತ್ತಿರಬೇಕು, ಡೇಟಾಬೇಸಿನ ನಕಲು ತೆಗೆದಿಡುತ್ತಿರಬೇಕು. ಬೇರೊಂದು ಊರಿನ ಕನ್ನಡ ಸಂಘದ ಸೈಟು ಒಂದೂವರೆ ವರ್ಷ ನೋಡುವವರಿಲ್ಲದೆ ಬಿದ್ದಿದ್ದು, ಕೊನೆಗೆ ದಸರಾ ಕಾರ್ಯಕ್ರಮದ ಪುಟದಲ್ಲಿ ಯಾವುದೋ ವಿದೇಶಿ ಮಾತ್ರೆಗಳ ಜಾಹೀರಾತು ಬರತೊಡಗಿದ್ದನ್ನು ನಾವೇ ನೋಡಿದ್ದೆವು. ಆಳು ಇರುವವರು ಎಮ್ಮೆ ಸಾಕಲಿ. ನಮ್ಮಲ್ಲಿ ಆಳೇ ವಲಸೆ.

ಇಂಜಿನಿಯರಿಂಗ್ ಹುಡುಗನ ಸಲಹೆ ಜಾವಾಸ್ಕ್ರಿಪ್ಟ್. ಪುಟದಲ್ಲಿ ಖಾಲಿ ಜಾಗ ಬಿಟ್ಟು, ಪುಟ ತೆರೆದ ಮೇಲೆ ಬ್ರೌಸರೇ ಮೆನುವನ್ನೂ ಅಡಿಸಾಲನ್ನೂ ತಂದು ತುಂಬುವುದು. ಒಂದು ಸಂಜೆಯಲ್ಲಿ ಮಾಡಿ ತೋರಿಸಿದ. ಅವನ ಲ್ಯಾಪ್‌ಟಾಪಿನಲ್ಲಿ ಮಿಂಚಿನ ಹಾಗೆ ಬಂತು. ನಾನು ನನ್ನ ಹಳೇ ಮೊಬೈಲಿನಲ್ಲಿ, ಲೋಣಾವಳದ ಘಾಟಿನಲ್ಲಿ ರೈಲು ಸುರಂಗದಿಂದ ಹೊರಬರುತ್ತಿರುವಾಗ ತೆರೆದೆ. ವಿಷಯ ಬಂತು, ಮೆನು ಬರಲಿಲ್ಲ. ಬಂದಾಗ ಓದುತ್ತಿದ್ದ ಸಾಲು ಕೆಳಕ್ಕೆ ಜಿಗಿಯಿತು. ಅಡಿಸಾಲು ಬರಲೇ ಇಲ್ಲ. ನಮ್ಮ ಸೈಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಅಡಿಸಾಲೇ. ಅದು ಕೊನೆಗೆ, ಸಿಗ್ನಲ್ಲಿನ ಕೃಪೆಯಿಂದ ಬರುವಂತಾದರೆ ಹೇಗೆ?

ಸರ್ವರಿನಲ್ಲೇ ತುಂಡುಗಳನ್ನು ಸೇರಿಸುವ ವಿಧಾನದ ಮೇಲೆ ನನಗೆ ಒಲವಿತ್ತು. ಅಪಾಚೆಯ ಇನ್‌ಕ್ಲೂಡ್ ಆಗಲಿ, ಪಿಎಚ್‌ಪಿಯದಾಗಲಿ, ಲೆಕ್ಕ ಒಂದೇ. ಪ್ರತಿ ಪುಟದ ಮೇಲೊಂದು ಸಾಲು, ಕೆಳಗೊಂದು ಸಾಲು. ಇಂಥ ಕಡತವನ್ನು ಇಲ್ಲಿ ಸೇರಿಸು ಎಂಬ ಸೂಚನೆ. ಓದುವವರಿಗೆ ಹೋಗುವಾಗ ಪುಟ ಇಡಿಯಾಗಿಯೇ ಹೋಗುತ್ತದೆ. ಬಹಳ ವರ್ಷ ಬಹಳ ಸೈಟುಗಳು ಇದರ ಮೇಲೇ ನಿಂತಿದ್ದವು, ಇಂದಿಗೂ ನಿಂತಿವೆ. ಆದರೆ ಕೈಯಲ್ಲಿ ಹಿಡಿದು ಮಾಡಿದಾಗ ಮುಳ್ಳುಗಳು ಕಂಡವು. ಪುಟವನ್ನು ಮನೆಯ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿ ನೋಡಿದರೆ ಮೆನು ಕಾಣುವುದಿಲ್ಲ, ಸರ್ವರ್ ಬೇಕು. ಮೇಲಿನ ತುಂಡಿನಲ್ಲಿ ತೆರೆದ ಟ್ಯಾಗನ್ನು ಕೆಳಗಿನ ತುಂಡಿನಲ್ಲಿ ಮುಚ್ಚಬೇಕು. ಬರೀ ಮೇಲಿನದನ್ನು ತೆರೆದು ನೋಡುವವರಿಗೆ ಅದು ಮುರಿದ ಕಡತದಂತೆ ಕಾಣುತ್ತದೆ, ಪಾಪ, ಸರಿ ಮಾಡಲು ಹೋಗುತ್ತಾರೆ. ಇನ್ನು ಹಳೇ ನೋಟ್‌ಪ್ಯಾಡ್ ಯೂನಿಕೋಡ್ ಕಡತ ಉಳಿಸುವಾಗ ಎಲ್ಲಕ್ಕಿಂತ ಮುಂಚೆ ಕಣ್ಣಿಗೆ ಕಾಣದ ಮೂರು ಬೈಟು ಸೇರಿಸುತ್ತಿತ್ತು. ಒಂಟಿ ಪುಟದಲ್ಲಿ ಅದು ತೊಂದರೆ ಕೊಡುವುದಿಲ್ಲ. ತುಂಡುಗಳನ್ನು ಸೇರಿಸಿದಾಗ ಪುಟದ ನಡುವೆ ಬಂದು ಕೂತು, ಮೆನುವಿನ ಮೇಲೆ ಎಲ್ಲಿಂದಲೋ ಒಂದು ಖಾಲಿ ಸಾಲು ಹುಟ್ಟಿಸುತ್ತದೆ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಬಿಟ್ಟು ಬೇರೆ ಉಳಿಸುವಂತಿಲ್ಲ, ಹಾಗಾಗಿ ಈ ಕಾಟ ಇಂಗ್ಲಿಷಿನವರಿಗಿಂತ ನಮಗೆ ಹೆಚ್ಚು.

ಡ್ರೀಮ್‌ವೀವರಿನ ಟೆಂಪ್ಲೇಟೂ ಚರ್ಚೆಗೆ ಬಂತು. ಬೀಗ ಹಾಕಿದ ಭಾಗ, ತಿದ್ದಬಹುದಾದ ಭಾಗ ಎಂದು ವಿಂಗಡಿಸಿ, ಬೀಗದ ಭಾಗ ಬದಲಾಯಿಸಿದರೆ ಎಲ್ಲ ಪುಟಗಳನ್ನೂ ಅದೇ ತಿದ್ದಿಕೊಡುತ್ತದೆ. ಅಚ್ಚುಕಟ್ಟು. ಆದರೆ ಪ್ರತಿ ತಿಂಗಳೂ ಹಣ ಕಟ್ಟಬೇಕು, ಯಾರ ಕಂಪ್ಯೂಟರಿನಲ್ಲಿದೆಯೋ ಅವರೇ ಯಜಮಾನರು. ಬಿಟ್ಟೆವು.

ಇಷ್ಟೆಲ್ಲ ಆದ ಮೇಲೆ ಡಿಸೈನಿನ ಹುಡುಗಿ ಒಂದು ಪ್ರಶ್ನೆ ಕೇಳಿದಳು: “ನಾವು ಮೂವರೂ ಪುಣೆ ಬಿಟ್ಟ ಮರುದಿನ ಸೈಟ್ ಏನಾಗ್ತದ?” ಅಲ್ಲಿಯವರೆಗೆ ನಾವು ಯಾವುದು ಸುಲಭ, ಯಾವುದು ವೇಗ, ಯಾವುದು ಹೊಸದು ಎಂದು ಅಳೆಯುತ್ತಿದ್ದೆವು. ಈ ಪ್ರಶ್ನೆ ಇಟ್ಟುಕೊಂಡು ನೋಡಿದಾಗ ಪಟ್ಟಿಯ ಕ್ರಮವೇ ಬದಲಾಯಿತು. ವರ್ಡ್‌ಪ್ರೆಸ್ ನೋಡುವವರಿಲ್ಲದಿದ್ದರೆ ಕೆಡುತ್ತದೆ. ಪಿಎಚ್‌ಪಿ ಹೋಸ್ಟಿಂಗ್ ಬದಲಾದರೆ ನಿಲ್ಲಬಹುದು. ಕಾಕಾನ ಪುಟಗಳು? ಅವರು ತೀರಿಕೊಂಡು ಎಂಟು ತಿಂಗಳಾದರೂ ಒಂದೂ ಕೆಟ್ಟಿರಲಿಲ್ಲ. 2003ರ ಪುಟ 2003ರಲ್ಲಿ ತೆರೆದ ಹಾಗೇ ತೆರೆಯುತ್ತಿತ್ತು. ಸಾದಾ ಎಚ್‌ಟಿಎಂಎಲ್‌ಗೆ ಹುಲ್ಲೂ ಬೇಡ ನೀರೂ ಬೇಡ.

ಹಾಗಾದರೆ ನಮಗೆ ಬೇಕಾದದ್ದು, ಮಾಡುವಾಗ ಒಂದೇ ಅಚ್ಚು, ಮಾಡಿ ಮುಗಿಸಿದ ಮೇಲೆ ಕಾಕಾನ ಪುಟಗಳಂತೆ ಸಾದಾ ಪುಟ. ಸ್ಟ್ಯಾಟಿಕ್ ಸೈಟ್ ಜನರೇಟರ್ ಎನ್ನುವುದು ಇದನ್ನೇ. 2008ರಲ್ಲಿ ಬಂದ ಜೆಕಿಲ್ ಈ ದಾರಿಯನ್ನು ಜನಪ್ರಿಯ ಮಾಡಿತು, ಆಮೇಲೆ ಇಂಥವು ಹತ್ತಾರು ಬಂದವು. ಪ್ರತಿ ಪುಟವೂ ಒಂದು ಪಠ್ಯದ ಕಡತ. ಮೇಲೆ ನಾಲ್ಕೈದು ಸಾಲಿನ ವಿವರ: ಶೀರ್ಷಿಕೆ, ವರ್ಷ, ಬರೆದವರು, ಯಾವ ಅಚ್ಚು. ಕೆಳಗೆ ವಿಷಯ. ಅಚ್ಚು ಬೇರೆ ಕಡತದಲ್ಲಿ ಇಡಿಯಾಗಿ ಇರುತ್ತದೆ, ನಡುವೆ ವಿಷಯಕ್ಕೆ ಜಾಗ ಬಿಟ್ಟಿರುತ್ತದೆ. ತೆರೆದ ಟ್ಯಾಗು ಅದೇ ಕಡತದಲ್ಲಿ ಮುಚ್ಚುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಮಾಡಿ ಆಮೇಲೆ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಹಾಗೆ ಎಂದು ಬಾಗಲಕೋಟೆಯ ಹುಡುಗಿ ವಿವರಿಸಿದಳು. ಸಮಿತಿಯ ಹೆಂಗಸರಿಗೆ ತಕ್ಷಣ ಅರ್ಥವಾಯಿತು, ಗಂಡಸರಿಗೆ ನಾನು ಲಗ್ನಪತ್ರಿಕೆಯ ಉದಾಹರಣೆ ಕೊಟ್ಟೆ. ಒಂದು ಆಜ್ಞೆ ಕೊಟ್ಟರೆ 186 ಪುಟಗಳೂ ಮತ್ತೆ ತಯಾರಾಗುತ್ತವೆ. ಸರ್ವರಿಗೆ ಹೋಗುವುದು ಆ ತಯಾರಾದ ಪುಟಗಳಷ್ಟೇ.

ನಾವು ಹಿಡಿದದ್ದು ಹ್ಯೂಗೋ. ಅದಕ್ಕಿಂತ ಚೆಂದದವು ಇವೆ, ಅದರ ಟೆಂಪ್ಲೇಟಿನ ಭಾಷೆ ಓದಲು ಸ್ವಲ್ಪ ಒರಟು. ಆದರೆ ಅದು ಒಂದೇ ಪ್ರೋಗ್ರಾಮ್ ಕಡತ. ರೂಬಿ ಹಾಕಿ, ನೋಡ್ ಹಾಕಿ, ಅದರ ಮೇಲೆ ಇನ್ನು ನೂರು ಪ್ಯಾಕೇಜು ಹಾಕಿ ಎನ್ನುವ ರಗಳೆ ಇಲ್ಲ. ಆ ಪ್ರೋಗ್ರಾಮನ್ನೂ, ಪುಟಗಳನ್ನೂ, ಅಚ್ಚನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಎರಡು ಪೆನ್‌ಡ್ರೈವಿನಲ್ಲಿ ತುಂಬಿ, ಒಂದನ್ನು ಖಜಾಂಚಿಯ ಹತ್ತಿರ ಲೆಕ್ಕದ ಪುಸ್ತಕದ ಜೊತೆ ಇಟ್ಟಿದ್ದೇವೆ. ಹತ್ತು ವರ್ಷದ ಮೇಲೆ ಬರುವವರಿಗೆ ಆ ದಿನದ ಹೊಸ ಹ್ಯೂಗೋ ಬೇಡ, ಇದೇ ಸಾಕು. ಹಳೇ ಪುಟಗಳ ವಿಳಾಸ ಬದಲಾಗದಂತೆ ಅದರಲ್ಲೊಂದು ಆಯ್ಕೆ ಇದೆ. ಅಂಥ ವಿಳಾಸಗಳಿಗೆ ಅವರು ಇಟ್ಟ ಹೆಸರು ‘ಕುರೂಪಿ’ ಎಂದು. ನಮಗೆ ಆ ಕುರೂಪವೇ ಬೇಕಾಗಿತ್ತು, ಇಪ್ಪತ್ತು ವರ್ಷದ ಕೊಂಡಿಗಳು ಅದನ್ನೇ ನಂಬಿಕೊಂಡಿದ್ದವು.

ಅಚ್ಚು ಬರೆಯಲು ಕೂತ ಮೇಲೆಯೇ ನಿಜವಾದ ಪ್ರಶ್ನೆ ಎದುರಾದದ್ದು. ಯಾವುದು ಎಲ್ಲ ಪುಟಗಳದು, ಯಾವುದು ಆ ಒಂದು ಪುಟದ್ದು? ಕಾಕಾನ ಅಡಿಸಾಲು ಒಂದೇ ಉಸಿರಿನಲ್ಲಿ ಮೂರು ಸಂಗತಿ ಹೇಳುತ್ತಿತ್ತು: ಪುಟ ಸಿದ್ಧಪಡಿಸಿದವರು, ಅವರ ಫೋನ್, ತಾರೀಖು. ಖಜಾಂಚಿ ಅಡಿಸಾಲನ್ನು ಪೂರ್ತಿ ತೆಗೆದು ಹೊಸದು ಹಾಕಿಬಿಡಿ ಎಂದರು. ಕಾಕುವನ್ನು ಕೇಳಿಯೇ ಮಾಡೋಣ ಎಂದು ಕೋಥರೂಡಿನ ಅವರ ಮನೆಗೆ ಹೋದೆವು. ಚಹಾ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ನಾಲ್ಕೈದು ಪುಟ ನೋಡಿದರು. “ನಂಬರ್ ತಗೀರಿ. ಹೆಸರು ಇರಲಿ. ಬರದಾವರು ಅವರೇ ಅಲ್ಲೇನು?” ಅಂದರು.

ಹಾಗೆ ಆ ಸಾಲು ಎರಡಾಯಿತು. ಸಿದ್ಧಪಡಿಸಿದವರ ಹೆಸರು, ವರ್ಷ ಆಯಾ ಪುಟದ ವಿವರದೊಳಗೆ ಹೋದವು. ಅವು ಎಂದಿಗೂ ಬದಲಾಗುವುದಿಲ್ಲ. ಸಂಪರ್ಕ ಮಾತ್ರ ಒಂದು ಬೇರೆ ಕಡತದಲ್ಲಿ, ಎಲ್ಲರಿಗೂ ಸೇರಿ ಒಂದೇ. ಆ ಕಡತದಲ್ಲಿ ಏನು ಬರೆಯಬೇಕು ಎಂಬುದಕ್ಕೆ ಇನ್ನೊಂದು ಸಭೆಯಾಯಿತು. ಫೋನ್ ನಂಬರೇ ಬೇಡ, ಫಾರ್ಮ್ ಇಟ್ಟರೆ ಇಮೇಲ್ ಬರುತ್ತದೆ, ಬಿಡುವಾದಾಗ ಉತ್ತರ ಕೊಡಬಹುದು ಎಂಬುದು ಕೆಲವರ ವಾದ. ಸಭೆಗಳಿಗೆ ಎಂದೂ ಬಾರದ ಕಾಕು ಅಂದು ಬಂದಿದ್ದರು. “ರಾತ್ರಿ ಹತ್ತಕ್ಕ ದವಾಖಾನಿ ಮುಂದ ನಿಂತಾಂವ ಫಾರ್ಮ್ ತುಂಬಕೋತ ಕುಂಡರತಾನೇನು?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಸಂಘದ ಹೆಸರಿನಲ್ಲಿ ಒಂದು ಸಿಮ್ ತೆಗೆಸುವುದು, ಮೂರು ತಿಂಗಳಿಗೊಬ್ಬರಂತೆ ಅದನ್ನು ಇಟ್ಟುಕೊಳ್ಳುವುದು, ಸಿಮ್ ಕೈಗೆ ಬರುವವರೆಗೆ ಆಯಾ ಕಾರ್ಯಕರ್ತರ ನಂಬರು ಹಾಕುವುದು ಎಂದು ತೀರ್ಮಾನವಾಯಿತು.

ಒಂದೇ ಅಚ್ಚು ಎಂದು ಹೊರಟವರು ಕೊನೆಗೆ ಎರಡು ಮಾಡಿಕೊಂಡೆವು, ಅದನ್ನೂ ಹೇಳಬೇಕು. 2004ರ ರಾಜ್ಯೋತ್ಸವದ ಪುಟಕ್ಕೆ ಹಳದಿ ಕೆಂಪು ಹಿನ್ನೆಲೆ, ಮೇಲೆ ಎಡದಿಂದ ಬಲಕ್ಕೆ ಓಡುವ ಶುಭಾಶಯ. ಮಕ್ಕಳ ನಾಟಕದ ಪುಟದಲ್ಲಿ ಕಾಕಾ ಪ್ರತಿ ಮಗುವಿನ ಹೆಸರನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆದಿದ್ದರು. ಇಂಥ 11 ಪುಟಗಳನ್ನು ಹೊಸ ಅಚ್ಚಿಗೆ ಹಾಕಿದರೆ ಬಣ್ಣವೆಲ್ಲ ತೊಳೆದುಹೋಗುತ್ತಿತ್ತು. ಆ ಮಕ್ಕಳು ಈಗ ಕೆಲಸಕ್ಕೆ ಹೋಗುವ ವಯಸ್ಸಿನವರು, ತಮ್ಮ ಹೆಸರು ಹಸಿರಿನಲ್ಲಿತ್ತೋ ನೇರಳೆಯಲ್ಲಿತ್ತೋ ಅವರಿಗೆ ನೆನಪಿದೆ. ಅವಕ್ಕಾಗಿ ‘ಹಳೇಪುಟ’ ಎಂಬ ಎರಡನೆಯ ಅಚ್ಚು: ಮೇಲೆ ಹೊಸ ಮೆನುವಿನ ತೆಳ್ಳಗಿನ ಪಟ್ಟಿ, ಕೆಳಗೆ ಹೊಸ ಸಂಪರ್ಕ, ನಡುವೆ ಕಾಕಾ ಬಿಟ್ಟಿದ್ದು ಬಿಟ್ಟಂತೆ. ಡಿಸೈನಿನ ಹುಡುಗಿಗೆ ಓಡುವ ಅಕ್ಷರ ನೋಡಿದರೆ ಆಗುವುದಿಲ್ಲ, ಆದರೂ ಆ ಅಚ್ಚು ಬರೆದವಳು ಅವಳೇ.

ಕನ್ನಡ ಅಕ್ಷರಗಳೂ ತಮ್ಮ ಹಕ್ಕು ಕೇಳಿದವು. ತಯಾರು ಥೀಮುಗಳೆಲ್ಲ ಇಂಗ್ಲಿಷಿನ ಅಳತೆಯವು. ಮೆನುವಿನ ಪಟ್ಟಿಯ ಎತ್ತರ ಇಷ್ಟೇ ಎಂದು ಗೊತ್ತುಮಾಡಿದ್ದರೆ ‘ಸಂಸ್ಕೃತಿ’ಯ ಒತ್ತು ಕತ್ತರಿಸಿಹೋಗುತ್ತದೆ, ಸಾಲಿನ ಅಂತರ ಕಡಿಮೆಯಿದ್ದರೆ ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಮುಂದಿನ ಸಾಲಿನ ಇಕಾರಕ್ಕೆ ಹೋಗಿ ಗುದ್ದುತ್ತವೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಶೋಕಿ ಇಂಗ್ಲಿಷ್ ಶೀರ್ಷಿಕೆಗೆ ಒಪ್ಪುತ್ತದೆ, ಕನ್ನಡ ಶೀರ್ಷಿಕೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಸಾಲಿನ ಅಂತರವನ್ನು 1.7ಕ್ಕೆ ಏರಿಸಿ, ಪಟ್ಟಿಯ ಎತ್ತರದ ಕಟ್ಟು ಬಿಡಿಸಿ, ಪುಟದ ಭಾಷೆ ಕನ್ನಡ ಎಂದು ಅಚ್ಚಿನ ಮೊದಲ ಸಾಲಿನಲ್ಲೇ ಘೋಷಿಸಿದೆವು. ಒಂದು ಕಡೆ ಮಾಡಿದ್ದು, 186 ಕಡೆ ಸರಿಯಾಯಿತು. ಆ ರಾತ್ರಿ ನಾವು ಮೂವರೂ ಸುಮ್ಮನೆ ಪುಟದಿಂದ ಪುಟಕ್ಕೆ ಹೋಗುತ್ತ ಒತ್ತುಗಳನ್ನು ನೋಡುತ್ತ ಕೂತಿದ್ದೆವು.

ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ, ಆಫೀಸು ಮುಗಿದ ಮೇಲೆ, ಪುಟಗಳನ್ನು ಒಂದೊಂದಾಗಿ ಹೊಸ ಅಚ್ಚಿಗೆ ಸಾಗಿಸಿದೆವು. ಯಂತ್ರಕ್ಕೆ ಬಿಟ್ಟಿದ್ದರೆ ಒಂದು ಸಂಜೆಯ ಕೆಲಸ. ಆದರೆ ಮೂಲ ಕಡತಗಳಲ್ಲಿ ಬ್ರೌಸರ್ ತೋರಿಸದ ಟಿಪ್ಪಣಿಗಳಿದ್ದವು. ಎಚ್‌ಟಿಎಂಎಲ್‌ನಲ್ಲಿ ಹಾಗೆ ಬರೆದಿಡಬಹುದು, ಓದುವವರಿಗೆ ಕಾಣುವುದಿಲ್ಲ. ಕಾಕಾ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು. ಈ ಟೇಬಲ್ ಮುಟ್ಟಬೇಡಿ, ನೆಟ್‌ಸ್ಕೇಪಿನಲ್ಲಿ ಒಡೆಯುತ್ತದೆ. ಈ ಫೋಟೋದಲ್ಲಿ ಎಡದಿಂದ ಮೂರನೆಯವರ ಹೆಸರು ಗೊತ್ತಾಗಿಲ್ಲ, ಕೇಳಬೇಕು. ಇವತ್ತು ಕರೆಂಟ್ ಇಲ್ಲ, ಉಳಿದದ್ದು ನಾಳೆ. ಅವರು ಇವನ್ನೆಲ್ಲ ಯಾರಿಗೆ ಬರೆಯುತ್ತಿದ್ದರು? ಮುಂದೆ ಯಾರಾದರೂ ಕಡತ ತೆರೆಯುತ್ತಾರೆ ಎಂಬ ಖಾತರಿ ಇದ್ದಿರಲಾರದು. ಯಂತ್ರ ಈ ಸಾಲುಗಳನ್ನು ಕಸವೆಂದು ಎಸೆಯುತ್ತಿತ್ತು. ಪುಟದ ವಿವರದಲ್ಲಿ ‘ಟಿಪ್ಪಣಿ’ ಎಂಬ ಇನ್ನೊಂದು ಸಾಲು ಮಾಡಿ ಅವನ್ನೆಲ್ಲ ಅಲ್ಲಿಟ್ಟೆವು. ಫೋಟೋದ ಮೂರನೆಯವರನ್ನು ಕಾಕು ಗುರುತು ಹಿಡಿದರು.

ಈ ಮಾರ್ಚಿನಲ್ಲಿ ಬಾಗಲಕೋಟೆಯ ಹುಡುಗಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಆ ಹೊತ್ತಿಗೆ ಅಡಿಸಾಲಿನಲ್ಲಿದ್ದದ್ದು ಅವಳ ನಂಬರು. ಹೊರಡುವ ಹಿಂದಿನ ದಿನ ಇಂಜಿನಿಯರಿಂಗ್ ಹುಡುಗ ಒಂದು ಸಾಲು ತಿದ್ದಿ ಸಂಘದ ಸಿಮ್ಮಿನ ನಂಬರು ಹಾಕಿದ, ಆಜ್ಞೆ ಕೊಟ್ಟ. ಒಂದು ಸೆಕೆಂಡೂ ಹಿಡಿಯಲಿಲ್ಲ. ಸರ್ವರಿಗೆ ಕಳಿಸಲು ನಾಲ್ಕು ನಿಮಿಷ, ಅದೂ ಅವನ ಹಾಸ್ಟೆಲ್ಲಿನ ವೈಫೈ ನಿಧಾನವೆಂದು.

ಕಾಕುವಿಗೆ ಈಗಲೂ ತಿಂಗಳಿಗೆ ಒಂದೋ ಎರಡೋ ಫೋನು ಬರುತ್ತವೆ. ಎಲ್ಲಿಂದ ಎಂದು ಹುಡುಕಿದಾಗ ಸಿಕ್ಕಿತು. 2009ರ ಸ್ಮರಣ ಸಂಚಿಕೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಹಾಕಿದ್ದೇವೆ, ಅದರ ಹಿಂಬದಿಯ ರಕ್ಷಾಪುಟದಲ್ಲಿ ಆ ನಂಬರು ಅಚ್ಚಾಗಿದೆ. ಯಾವ ಟೆಂಪ್ಲೇಟೂ ಅಲ್ಲಿಗೆ ಹೋಗಿ ಮುಟ್ಟುವುದಿಲ್ಲ. ಆ ಪುಟವನ್ನು ಪಿಡಿಎಫ್‌ನಿಂದ ತೆಗೆಯಬಹುದು, ನಂಬರಿನ ಮೇಲೆ ಬಿಳಿ ಪಟ್ಟಿ ಎಳೆಯಬಹುದು, ಏನು ಮಾಡಲಿ ಎಂದು ಕಾಕುವನ್ನು ಕೇಳಿದೆ. “ಪುಸ್ತಕಕ್ಕ ಕೈ ಹಚ್ಚಬ್ಯಾಡ್ರಿ” ಅಂದರು. ಸಂಘದ ಹೊಸ ನಂಬರನ್ನು ಫೋನಿನ ಪಕ್ಕದ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡಿದ್ದಾರೆ. ಫೋನು ಮಾಡಿದವರಿಗೆ ಅದನ್ನು ನಿಧಾನವಾಗಿ, ಎರಡೆರಡು ಅಂಕಿಯಾಗಿ, ಎರಡು ಸಲ ಹೇಳುತ್ತಾರಂತೆ.